ಕಟ್ಟಿಗೆ ದಾರಿಯ ಕಾವಲು

ಸುಡಾನ್ ದೇಶದ ಪಶ್ಚಿಮಕ್ಕೆ ಡಾರ್ಫುರ್ ಅಂತ ಒಂದು ಸೀಮೆ. 2003ರಲ್ಲಿ ಅಲ್ಲಿ ಯುದ್ಧ ಶುರುವಾಯಿತು. ಊರುಗಳು ಸುಟ್ಟುಹೋದವು, ಲಕ್ಷಾಂತರ ಜನ ಶಿಬಿರ ಸೇರಿದರು. ಶಿಬಿರದಲ್ಲಿ ಜೋಳ, ಬೇಳೆ, ಎಣ್ಣೆ ಕೊಡುತ್ತಿದ್ದರು. ಅದನ್ನು ಬೇಯಿಸಲು ಕಟ್ಟಿಗೆ ಬೇಕಲ್ವಾ? ಹತ್ತಿರದ ಕುರುಚಲು ಗಿಡವೆಲ್ಲ ಬೇಗ ಖಾಲಿಯಾಯಿತು. ಆಮೇಲೆ ತಾಸುಗಟ್ಟಲೆ ನಡೆಯಬೇಕು. ದಾರಿಯಲ್ಲಿ ಬಂದೂಕು ಹಿಡಿದವರು ಕಾಯುತ್ತಿದ್ದರು. ಗಂಡಸರು ಸಿಕ್ಕರೆ ಕೊಲ್ಲುತ್ತಿದ್ದರು, ಹೆಂಗಸರು ಸಿಕ್ಕರೆ ಅತ್ಯಾಚಾರ ಮಾಡುತ್ತಿದ್ದರು. ಹಾಗಾಗಿ ಎಷ್ಟೋ ಮನೆಗಳಿಂದ ಹೆಂಗಸರೇ ಹೋಗುತ್ತಿದ್ದರು. ಜೀವವಾದರೂ ಉಳಿಯುತ್ತದೆ ಎಂಬ ಲೆಕ್ಕ ಅದು. ಇಂಥ ಲೆಕ್ಕವನ್ನು ಒಂದು ಮನೆಯವರು ಕೂತು ಹಾಕಬೇಕಾಯಿತು ಎಂದು ಓದಿದ ದಿನ ನನಗೆ ಬೇರೆ ಯಾವ ಕೆಲಸವೂ ಹಿಡಿಸಲಿಲ್ಲ.

ಈ ಅಪಾಯಕ್ಕೆ, ಮೊದಲು ಆಫ್ರಿಕಾ ದೇಶಗಳ ಒಕ್ಕೂಟದ ಸೈನಿಕರು, ಆಮೇಲೆ ಒಕ್ಕೂಟ ಮತ್ತು ವಿಶ್ವಸಂಸ್ಥೆಯ ಜಂಟಿ ಶಾಂತಿಪಾಲನಾ ಪಡೆ ಹುಡುಕಿದ ಉಪಾಯ ಸರಳವಾದದ್ದು. ಹೆಂಗಸರ ಜೊತೆ ತಾವೂ ಹೋಗುವುದು. ವಾರದಲ್ಲಿ ಯಾವ ದಿನ, ಎಷ್ಟು ಹೊತ್ತಿಗೆ ಹೊರಡುವುದು, ಯಾವ ದಾರಿ, ಎಲ್ಲಿಯವರೆಗೆ ಎಂದು ಮೊದಲೇ ಮಾತಾಡಿಕೊಳ್ಳಬೇಕು. ಹೆಂಗಸರು ಕಡಿಯುವಷ್ಟು ಹೊತ್ತು ಸೈನಿಕರು ಸುತ್ತ ನಿಲ್ಲಬೇಕು. ಹೊರೆ ಕಟ್ಟಿ ವಾಪಸಾಗುವವರೆಗೂ ಇರಬೇಕು. ಕೆಲವು ಶಿಬಿರಗಳಲ್ಲಿ ಇದು ಚೆನ್ನಾಗಿ ನಡೆಯಿತು. ಇನ್ನು ಕೆಲವು ಕಡೆ ಹೆಂಗಸರು ಬರಲೇ ಇಲ್ಲ. ದುಭಾಷಿಯಾಗಿ ಬಂದವನು ಸರ್ಕಾರದ ಕಡೆಯವನು ಎಂಬ ಗುಮಾನಿ ಇತ್ತು. ಮಾತಾಡಲು ಒಬ್ಬ ಹೆಂಗಸೂ ಇರಲಿಲ್ಲ. ಗಾಡಿ ಬರುತ್ತೇನೆ ಅಂದ ದಿನ ಬರಲಿಲ್ಲ. ಒಂದು ಸಲ ಹಾಗಾದರೆ ಮುಂದಿನ ಸಲ ಯಾರು ಕಾಯುತ್ತಾರೆ?

ನಮ್ಮ ಅಂಕೋಲಾ, ಕುಮಟಾ ಕಡೆ ಬೆಳೆದವರಿಗೆ ಇದರ ಅರ್ಧ ಭಾಗ ಬಿಡಿಸಿ ಹೇಳಬೇಕಾಗಿಲ್ಲ. ಬೆಟ್ಟಕ್ಕೆ ಕಟ್ಟಿಗೆಗೆ, ದರಕಿಗೆ (ಒಣ ಎಲೆಗೆ) ಹೋಗುವ ಹೆಂಗಸರು ಒಬ್ಬೊಬ್ಬರೇ ಹೋಗುವುದಿಲ್ಲ. ಯಾರ ಜೊತೆ, ಯಾವ ಕಾಲುದಾರಿ, ಬಿಸಿಲೇರುವ ಮೊದಲು ಎಲ್ಲಿಗೆ ಮುಟ್ಟಬೇಕು ಅನ್ನುವುದು ಹಿಂದಿನ ರಾತ್ರಿಯೇ ತೀರ್ಮಾನ ಆಗಿರುತ್ತದೆ. ನಮ್ಮಲ್ಲಿ ಹೆದರಿಕೆ ಹಾವಿನದು, ಹಂದಿಯದು, ಕೆಲವೊಮ್ಮೆ ಫಾರೆಸ್ಟ್ ಗಾರ್ಡಿನದು. ಅವರದ್ದು ಬೇರೆಯೇ ಲೋಕ. ಆದರೆ ಯಾರು ಯಾವ ಹೊತ್ತಿಗೆ ಯಾವ ದಾರಿಯಲ್ಲಿ ನಡೆಯುತ್ತಾರೆ ಎಂಬ ತಿಳಿವಳಿಕೆ ಹೆಂಗಸರ ಹತ್ತಿರವೇ ಇರುತ್ತದೆ, ಅಲ್ಲೂ ಇಲ್ಲೂ. ಶಾಂತಿಪಾಲನಾ ಪಡೆ ಜನರನ್ನು ಕಾಪಾಡುವುದು ಅಂದರೆ ನಿಜವಾಗಿ ಏನು ಎಂದು ಓದುತ್ತಾ ಹೋದಂತೆ ನನಗೆ ಮತ್ತೆ ಮತ್ತೆ ಕಂಡದ್ದು ಇದೇ. ಆ ತಿಳಿವಳಿಕೆಯನ್ನು ಕೇಳಿ ಪಡೆದ ಕಡೆ ಜನ ಉಳಿದರು. ಕೇಳದ ಕಡೆ ಸೈನಿಕರು ಹತ್ತಿರದಲ್ಲೇ ಇದ್ದರೂ ಜನ ಸತ್ತರು.

ನಾನು ಕಾರವಾರದಲ್ಲಿ ಹೈಸ್ಕೂಲ್ ಟೀಚರ್. ಈ ವಿಷಯದ ಹಿಂದೆ ಬೀಳಲು ಕಾರಣ ನಮ್ಮ ಓಣಿಯ ಒಬ್ಬ ಅಣ್ಣ. ಸೇನೆಯಲ್ಲಿದ್ದಾಗ ಶಾಂತಿಪಾಲನಾ ಪಡೆಯಲ್ಲಿ ಕಾಂಗೋ ದೇಶಕ್ಕೆ, ಗೋಮಾ ಪಟ್ಟಣದ ಕಡೆಗೆ ಹೋಗಿ ಬಂದವರು. 2025ರ ಜನವರಿ ಕೊನೆಗೆ ಎಂ23 ಬಂಡುಕೋರರು ಗೋಮಾ ಹಿಡಿದರು ಎಂಬ ಸುದ್ದಿ ಟಿವಿಯಲ್ಲಿ ಬಂದಾಗ ಅವರು ಊಟ ಬಿಟ್ಟು ಎದ್ದರು ಎಂದು ಅವರ ಮನೆಯವರು ಹೇಳಿದರು. ಆಮೇಲೆ ಸಂಜೆ ಹೊತ್ತು ಕಟ್ಟೆ ಮೇಲೆ ಕೂತು ಒಂದೊಂದಾಗಿ ಕೇಳುತ್ತಾ ಹೋದೆ.

"ರಾತ್ರಿ ಗಸ್ತಿಗೆ ಹೋಗಿ ಏನ್ ಮಾಡ್ತಿದ್ರಿ ಅಣ್ಣ?"

"ಏನೂ ಮಾಡ್ತಿರಲಿಲ್ಲ ತಂಗಿ. ಗಾಡಿ ಲೈಟು ಹಾಕ್ಕೊಂಡು ಊರಿಂದ ಊರಿಗೆ ಹೋಗೋದು, ನಿಲ್ಲೋದು. ಆ ಲೈಟು ಕಂಡ್ರೆ ಬಂಡುಕೋರರು ಆ ರಾತ್ರಿ ಇಳೀತಿರಲಿಲ್ಲ. ನಾವು ಬೇರೆ ಕಡೆ ಹೋಗಿದ್ದು ಗೊತ್ತಾದ್ರೆ ಇಲ್ಲಿಗೆ ಬರ್ತಿದ್ರು. ಅವರಿಗೂ ನಮ್ಮ ಟೈಮ್ ಗೊತ್ತಿರ್ತಿತ್ತು ಮಾರಾಯ್ತಿ. ಅದಕ್ಕೇ ಟೈಮ್ ಬದಲಾಯಿಸ್ತಾ ಇರಬೇಕು."

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ವಿಶ್ವಸಂಸ್ಥೆಯ ಶಾಂತಿಪಾಲನೆ ಶುರುವಾದದ್ದು 1948ರಲ್ಲಿ. ಎರಡು ಸೈನ್ಯಗಳ ನಡುವೆ ನಿಂತು ಕದನ ವಿರಾಮ ನೋಡಿಕೊಳ್ಳುವುದು ಅದರ ಕೆಲಸವಾಗಿತ್ತು. ಸಾಮಾನ್ಯ ಜನರನ್ನು ಕಾಪಾಡಿ ಎಂದು ಭದ್ರತಾ ಮಂಡಳಿ ನೇರವಾಗಿ ಬರೆದು ಕೊಟ್ಟದ್ದು 1999ರ ಅಕ್ಟೋಬರ್‌ನಲ್ಲಿ, ಸಿಯೆರಾ ಲಿಯೋನ್ ದೇಶಕ್ಕೆ ಕಳಿಸಿದ ಶಾಂತಿಪಾಲನಾ ಪಡೆಗೆ. ಅದಕ್ಕೂ ಒಂದು ಮಿತಿ ಇಟ್ಟಿದ್ದರು: ನಿಮ್ಮ ಶಕ್ತಿ ಇದ್ದಷ್ಟು, ನೀವು ಇರುವ ಜಾಗದಲ್ಲಿ, ಅಪಾಯ ಕಣ್ಣೆದುರಿಗಿದ್ದಾಗ.

ಆ ಬರಹ ಬರುವ ಮೊದಲು ರುವಾಂಡಾ ದೇಶದ ನರಮೇಧ ಆಗಿಹೋಗಿತ್ತು. 1994ರ ಏಪ್ರಿಲ್‌ನಲ್ಲಿ ಕಿಗಾಲಿ ನಗರದ ಒಂದು ತಾಂತ್ರಿಕ ಶಾಲೆಯಲ್ಲಿ ವಿಶ್ವಸಂಸ್ಥೆಯ ಪಡೆಯ ಬೆಲ್ಜಿಯಂ ಸೈನಿಕರು ಬೀಡುಬಿಟ್ಟಿದ್ದರು. ಅವರನ್ನು ನಂಬಿ ಸುಮಾರು 2,000 ಜನ ಆ ಆವರಣದೊಳಗೆ ಬಂದು ಸೇರಿದ್ದರು. ಕೊಲ್ಲುವವರು ಗೇಟಿನ ಹೊರಗೇ ಇದ್ದರು. ಏಪ್ರಿಲ್ 11ರಂದು ಸೈನಿಕರಿಗೆ ವಾಪಸು ಬರುವ ಆದೇಶ ಬಂತು, ಅವರು ಗಾಡಿ ಹತ್ತಿ ಹೊರಟರು. ಒಳಗಿದ್ದವರಲ್ಲಿ ಬಹುತೇಕರನ್ನು ಅದೇ ದಿನ ಕೊಂದರು. ಅದೇ ನಗರದಲ್ಲಿ ಸೆನೆಗಲ್ ದೇಶದ ಕ್ಯಾಪ್ಟನ್ ಎಂಬಾಯೆ ಡಿಯಾಗ್ನೆ ಎಂಬ ವಿಶ್ವಸಂಸ್ಥೆಯ ವೀಕ್ಷಕ ಇದ್ದರು. ಕೈಯಲ್ಲಿ ಆಯುಧ ಇರಲಿಲ್ಲ. ಗಾಡಿಯಲ್ಲಿ ನಾಲ್ಕೈದು ಜನರನ್ನು ಕೂರಿಸಿಕೊಂಡು, ರಸ್ತೆ ತಡೆಗಳಲ್ಲಿ ಮಾತಾಡಿ, ನಗಿಸಿ, ಸಿಗರೇಟು ಕೊಟ್ಟು ದಾಟಿಸುತ್ತಿದ್ದರು. ಮತ್ತೆ ಹೋಗಿ ಇನ್ನಷ್ಟು ಜನರನ್ನು ತರುತ್ತಿದ್ದರು. ಹೀಗೆ ನೂರಾರು ಜನರನ್ನು ಉಳಿಸಿದರು. ಮೇ 31ರಂದು ಒಂದು ತಡೆಯ ಹತ್ತಿರ ಶೆಲ್ ಬಿದ್ದು ತೀರಿಕೊಂಡರು. ವಿಶ್ವಸಂಸ್ಥೆ ಈಗ ಅಸಾಧಾರಣ ಧೈರ್ಯಕ್ಕೆ ಕೊಡುವ ಪದಕಕ್ಕೆ ಅವರ ಹೆಸರೇ ಇದೆ. ಮರು ವರ್ಷ ಬೋಸ್ನಿಯಾದ ಸ್ರೆಬ್ರೆನಿಕಾದಲ್ಲಿ ವಿಶ್ವಸಂಸ್ಥೆಯೇ ಸುರಕ್ಷಿತ ಪ್ರದೇಶ ಎಂದು ಘೋಷಿಸಿದ ಜಾಗದಿಂದ 8,000ಕ್ಕೂ ಹೆಚ್ಚು ಗಂಡಸರು, ಹುಡುಗರನ್ನು ಒಯ್ದು ಕೊಂದರು.

ಈಗ ಕಾಂಗೋಗೆ ಬರುತ್ತೇನೆ. ಉತ್ತರ ಕಿವು ಪ್ರಾಂತ್ಯ ವರ್ಷಗಟ್ಟಲೆ ಭಾರತೀಯ ಬ್ರಿಗೇಡಿನ ಜವಾಬ್ದಾರಿಯಲ್ಲಿತ್ತು. ಅಲ್ಲಿಯ ಲುವುಂಗಿ ಎಂಬ ಹಳ್ಳಿಯ ಕಥೆ ನಮಗೆ ಗೊತ್ತಿರಲೇಬೇಕು. 2010ರ ಜುಲೈ 30ರಿಂದ ಆಗಸ್ಟ್ 2ರವರೆಗೆ ಬಂಡುಕೋರರು ಲುವುಂಗಿಗೂ ಆ ರಸ್ತೆಯ ಸುತ್ತಲಿನ ಹಳ್ಳಿಗಳಿಗೂ ನುಗ್ಗಿದರು. 300ಕ್ಕೂ ಹೆಚ್ಚು ಜನರ ಮೇಲೆ ಅತ್ಯಾಚಾರ ನಡೆಯಿತು. ಹೆಚ್ಚಿನವರು ಹೆಂಗಸರು, ಮಕ್ಕಳೂ ಇದ್ದರು, ಕೆಲವು ಗಂಡಸರೂ ಇದ್ದರು. ಶಾಂತಿಪಾಲಕರ ಬೀಡು ಇದ್ದದ್ದು ಸುಮಾರು 30 ಕಿಲೋಮೀಟರ್ ದೂರದಲ್ಲಿ. ಅಂದರೆ ಕಾರವಾರದಿಂದ ಅಂಕೋಲಾಕ್ಕೆ ಹೋಗುವಷ್ಟು ದೂರ. ಆ ಹಳ್ಳಿಯಲ್ಲಿ ಫೋನ್ ಸಿಗ್ನಲ್ ಇರಲಿಲ್ಲ. ಆಗಸ್ಟ್ 2ರಂದು ಒಂದು ಗಸ್ತು ಆ ದಾರಿಯಲ್ಲಿ ಹಾದುಹೋಯಿತು ಕೂಡ. ಯಾರೂ ಅವರ ಹತ್ತಿರ ನಡೆದದ್ದನ್ನು ಹೇಳಲಿಲ್ಲ. ಹೇಗೆ ಹೇಳುತ್ತಾರೆ? ಬೇರೆ ಭಾಷೆಯ ಗಂಡಸರು, ಸಮವಸ್ತ್ರ, ಬಂದೂಕು, ಗಾಡಿ. ನಡೆದದ್ದು ತಾಯಿಗೂ ಹೇಳಿಕೊಳ್ಳಲಾಗದಂಥದ್ದು. ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯ ಹಿರಿಯ ಅಧಿಕಾರಿ ಅತುಲ್ ಖರೆ ಅಲ್ಲಿಗೆ ಹೋಗಿ ಬಂದು, ನಮ್ಮ ಕೆಲಸ ಸಾಲದಾಯಿತು ಎಂದು ಭದ್ರತಾ ಮಂಡಳಿಯ ಮುಂದೆ ಒಪ್ಪಿಕೊಂಡರು. ಅವರೂ ಭಾರತೀಯರು.

ಆಗ ಬಲ ಬಂದದ್ದು ಒಂದು ಹೊಸ ಕೆಲಸಕ್ಕೆ. ಸಮುದಾಯ ಸಂಪರ್ಕ ಸಹಾಯಕರು ಅಂತ ಕಾಂಗೋದವರನ್ನೇ ನೇಮಿಸಿ, ಸೈನಿಕರ ಸಣ್ಣ ಸಣ್ಣ ಬೀಡುಗಳಲ್ಲಿ ಇಟ್ಟರು. ಅವರು ಸ್ವಾಹಿಲಿ ಮತ್ತು ಆ ಕಡೆಯ ಭಾಷೆಗಳನ್ನು ಬಲ್ಲವರು. ಹಳ್ಳಿಹಳ್ಳಿಗೆ ಹೋಗಿ ಊರಿನ ಹಿರಿಯರು, ಹೆಂಗಸರ ಗುಂಪು, ಶಾಲೆ ಮಾಸ್ತರರು, ಚರ್ಚಿನವರು ಎಲ್ಲರ ಜೊತೆ ಕೂರುತ್ತಾರೆ. ಪ್ರತಿ ಊರಿನಲ್ಲೂ ಇಂಥವರು ಫೋನ್ ಮಾಡಬೇಕು ಎಂದು ಗೊತ್ತುಮಾಡುತ್ತಾರೆ. ಸಿಗ್ನಲ್ ಇಲ್ಲದ ಕಡೆ ರೇಡಿಯೋ ಸೆಟ್ ಕೊಡುತ್ತಾರೆ. ಸಂತೆ ದಿನ ಯಾವುದು, ಸಂತೆಗೆ ಹೋಗುವವರು ಯಾವ ತಿರುವಿನಲ್ಲಿ ಲೂಟಿಗೊಳಗಾಗುತ್ತಾರೆ, ಯಾವ ಊರಿನ ಹೆಂಗಸರು ಈ ವಾರ ಹೊಲಕ್ಕೆ ಹೋಗುವುದನ್ನು ನಿಲ್ಲಿಸಿದ್ದಾರೆ ಎಂಬ ವಿವರಗಳು ಬೀಡಿಗೆ ಬರುತ್ತವೆ. ಹೊಲಕ್ಕೆ ಹೋಗುವುದು ನಿಂತಿತು ಅಂದರೆ ಕಾಡಿನಲ್ಲಿ ಯಾರೋ ಬಂದು ಸೇರಿದ್ದಾರೆ ಅಂತಲೇ ಲೆಕ್ಕ. ಆ ದಿನ ಗಸ್ತು ಆ ಕಡೆಗೆ ತಿರುಗಬೇಕು.

ನಮ್ಮ ಓಣಿಯ ಅಣ್ಣ ಹೆಚ್ಚು ಮಾತಾಡುವುದು ಅವರ ಜೊತೆಗಿದ್ದ ದುಭಾಷಿ ಹುಡುಗನ ಬಗ್ಗೆ. ಅವನು ಇಲ್ಲದಿದ್ದರೆ ನಾವು ಕಿವುಡರು, ಮೂಗರು ಅನ್ನುತ್ತಾರೆ.

"ನಿಮಗೆ ಹೆದರಿಕೆ ಆಗ್ತಿರಲಿಲ್ವಾ ಅಣ್ಣ?"

"ನಮಗೆ ಹೆದರಿಕೆ ಆದ್ರೆ ಕ್ಯಾಂಪಿಗೆ ವಾಪಸ್ ಬರ್ತಿದ್ವಿ. ಸುತ್ತ ಮಣ್ಣಿನ ಚೀಲ, ತಂತಿ ಬೇಲಿ, ಕಾವಲಿನವರು. ಅವನು ವಾಪಸ್ ಹೋಗೋದು ಅದೇ ಊರಿಗೆ. ನಮ್ಮ ಗಾಡಿಯಿಂದ ಇಳಿಯೋದನ್ನ ಎಲ್ಲರೂ ನೋಡಿರ್ತಾರೆ."

ಈ ಮಾತು ನನ್ನನ್ನು ತುಂಬಾ ಕಾಡಿದೆ. ಸುದ್ದಿ ಕೊಡುವವರನ್ನು ಬಂಡುಕೋರರು ಬೇಹುಗಾರರು ಅನ್ನುತ್ತಾರೆ. ಫೋನ್ ಮಾಡಿದ ಹೆಂಗಸು ಯಾರು ಎಂದು ಊರಿನಲ್ಲಿ ಗೊತ್ತಾದರೆ ಅವಳ ಗತಿ ಏನು? ಹಾಗಾಗಿ ಒಳ್ಳೆಯ ಸಹಾಯಕರು ಒಬ್ಬರ ಹತ್ತಿರ ಮಾತ್ರ ಕೂರುವುದಿಲ್ಲ. ಹತ್ತು ಮನೆಗೆ ಹೋಗುತ್ತಾರೆ, ಯಾರು ಏನು ಹೇಳಿದರೆಂದು ತಿಳಿಯಬಾರದು. ಇಂಥ ಜಾಗರೂಕತೆಯ ಸುದ್ದಿ ಯಾವ ಪೇಪರಿನಲ್ಲೂ ಬರುವುದಿಲ್ಲ. ನನ್ನ ಮಟ್ಟಿಗೆ ಇಡೀ ಶಾಂತಿಪಾಲನೆಯಲ್ಲಿ ಅತಿ ಹೆಚ್ಚು ಧೈರ್ಯದ ಕೆಲಸ ಇದು.

ಹೆಂಗಸರ ಹತ್ತಿರ ಮಾತಾಡಲು ಹೆಂಗಸರೇ ಬೇಕು ಎಂಬುದು ಕೂಡ ನಿಧಾನವಾಗಿ ಅರ್ಥವಾದ ವಿಷಯ. 2007ರಲ್ಲಿ ಭಾರತ ಲೈಬೀರಿಯಾಕ್ಕೆ ಪೂರ್ತಿ ಹೆಂಗಸರೇ ಇದ್ದ ಪೊಲೀಸ್ ತುಕಡಿಯನ್ನು ಕಳಿಸಿತು. ವಿಶ್ವಸಂಸ್ಥೆಯ ಇತಿಹಾಸದಲ್ಲಿ ಅದೇ ಮೊದಲು. ಸಿಆರ್‌ಪಿಎಫ್‌ನ ಹೆಣ್ಣುಮಕ್ಕಳು ಮನ್ರೋವಿಯಾ ನಗರದಲ್ಲಿ ರಾತ್ರಿ ಗಸ್ತು ತಿರುಗಿದರು. ತಂಡ ಬದಲಾಗುತ್ತಾ 2016ರವರೆಗೆ ಅಲ್ಲಿತ್ತು. ಆ ಅವಧಿಯಲ್ಲಿ ಲೈಬೀರಿಯಾದ ಪೊಲೀಸ್ ಇಲಾಖೆಗೆ ಸೇರುವ ಅಲ್ಲಿಯ ಹೆಂಗಸರ ಸಂಖ್ಯೆಯೂ ಏರಿತು. ಈಚೆಗೆ ಉತ್ತರ ಕಿವುವಿನಲ್ಲಿ ಮೇಜರ್ ರಾಧಿಕಾ ಸೇನ್ ಇಂಥದ್ದೇ ತಂಡವನ್ನು ನಡೆಸಿದರು. ಹೆಂಗಸರು, ಮಕ್ಕಳು ಸೇರಿ ಮಾತಾಡುವ ಜಾಗ ಮಾಡಿದರು, ಊರಿನ ಎಚ್ಚರಿಕೆ ಜಾಲ ಕಟ್ಟಲು ನೆರವಾದರು. ಅದಕ್ಕೆ ವಿಶ್ವಸಂಸ್ಥೆ 2023ರ ಸಾಲಿನ ಪ್ರಶಸ್ತಿ ಕೊಟ್ಟಿತು. ನಮ್ಮ ಶಾಲೆಯ ಹುಡುಗಿಯರಿಗೆ ಈ ಎರಡೂ ಕಥೆ ಹೇಳಿದ್ದೇನೆ.

ಇನ್ನು ಗೇಟಿನ ಮಾತು. 2013ರ ಡಿಸೆಂಬರ್ 15ರ ರಾತ್ರಿ ದಕ್ಷಿಣ ಸುಡಾನ್‌ನ ರಾಜಧಾನಿ ಜುಬಾದಲ್ಲಿ ಗುಂಡಿನ ಸದ್ದು ಶುರುವಾಯಿತು. ಬೆಳಗಾಗುವುದರೊಳಗೆ ಸಾವಿರಾರು ಜನ ವಿಶ್ವಸಂಸ್ಥೆಯ ಬೀಡಿನ ಗೇಟಿಗೆ ಬಂದಿದ್ದರು. ಹಾಸಿಗೆ, ಪಾತ್ರೆ, ಕಂಕುಳಲ್ಲಿ ಕೂಸು. ಒಳಗಿದ್ದವರಿಗೆ ತೀರ್ಮಾನ ಮಾಡಲು ಹೆಚ್ಚು ಸಮಯ ಇರಲಿಲ್ಲ. ಗೇಟು ತೆರೆದರು. ದೇಶದ ಬೇರೆ ಬೀಡುಗಳೂ ತೆರೆದವು. ಮುಂದೆ ಒಂದು ಹಂತದಲ್ಲಿ 2 ಲಕ್ಷಕ್ಕೂ ಹೆಚ್ಚು ಜನ ಆ ಬೇಲಿಗಳೊಳಗೆ ವಾಸವಾಗಿದ್ದರು. ಆಫೀಸು, ಗೋದಾಮು ಅಂತ ಕಟ್ಟಿದ ಜಾಗ ಅದು. 2014ರ ಮಳೆಗಾಲದಲ್ಲಿ ಬೆಂಟಿಯು ಶಿಬಿರದಲ್ಲಿ ಮೊಣಕಾಲುದ್ದ ನೀರು ನಿಂತು, ತಾಯಂದಿರು ಮಕ್ಕಳನ್ನು ಎತ್ತಿಕೊಂಡು ನಿಂತೇ ರಾತ್ರಿ ಕಳೆದರು. ಅಲ್ಲಿ ಕಾಪಾಡುವುದು ಅಂದರೆ ಚರಂಡಿ ತೋಡುವುದು, ನೀರಿನ ಸರದಿಯಲ್ಲಿ ಜಗಳ ಆಗದಂತೆ ನೋಡುವುದು, ಕಕ್ಕಸಿನ ಹತ್ತಿರ ರಾತ್ರಿ ದೀಪ ಇರುವಂತೆ ಮಾಡುವುದು. ಕಟ್ಟಿಗೆಗೆ ಹೋಗುವ ಹೆಂಗಸರ ಜೊತೆ ಗಸ್ತು ಹೋಗುವುದು ಅಲ್ಲಿಯೂ ನಡೆಯಿತು. ಬೇಲಿಯಾಚೆಗೆ ಅದೇ ಅಪಾಯ, ಅದೇ ಕಟ್ಟಿಗೆ.

ಗೇಟು ತೆರೆದ ಮೇಲೆ ಅದನ್ನು ಕಾಯಬೇಕು. ಯುದ್ಧ ಶುರುವಾಗಿ ನಾಲ್ಕೇ ದಿನಕ್ಕೆ ಅಕೋಬೋ ಎಂಬ ದೂರದ ಊರಿನ ಸಣ್ಣ ಬೀಡಿಗೆ ಸುಮಾರು 2,000 ಜನರ ಶಸ್ತ್ರಧಾರಿ ಗುಂಪು ನುಗ್ಗಿತು. ಒಳಗೆ ಆಶ್ರಯ ಪಡೆದಿದ್ದ ಬೇರೆ ಬುಡಕಟ್ಟಿನ ಜನ ಅವರಿಗೆ ಬೇಕಾಗಿತ್ತು. ಕಾವಲಿಗಿದ್ದದ್ದು 40 ಚಿಲ್ಲರೆ ಭಾರತೀಯ ಸೈನಿಕರು. ಅವರಲ್ಲಿ ಇಬ್ಬರು ಪ್ರಾಣ ಕೊಟ್ಟರು, ಆಶ್ರಯ ಬೇಡಿ ಬಂದವರಲ್ಲೂ ಹಲವರು ಸತ್ತರು. 2014ರ ಏಪ್ರಿಲ್‌ನಲ್ಲಿ ಬೋರ್ ಶಿಬಿರಕ್ಕೆ ಮನವಿ ಕೊಡುವ ನೆಪದಲ್ಲಿ ಬಂದ ಗುಂಪು ಹತ್ಯಾಕಾಂಡ ನಡೆಸಿತು. ಅವತ್ತು ನಾನ್‌ವಯಲೆಂಟ್ ಪೀಸ್‌ಫೋರ್ಸ್ ಎಂಬ ನಿಶ್ಶಸ್ತ್ರ ಸಂಸ್ಥೆಯ ಇಬ್ಬರು ಕೆಲಸಗಾರರು ಒಂದು ಮಣ್ಣಿನ ಗುಡಿಸಲಿನಲ್ಲಿ ಹೆಂಗಸರು, ಮಕ್ಕಳ ಜೊತೆ ಸಿಕ್ಕಿಕೊಂಡರು. ನೀವಿಬ್ಬರು ಹೊರಗೆ ಹೋಗಿ ಎಂದು ಬಂದೂಕಿನವರು ಹೇಳಿದರು. ಅವರು ಗುರುತಿನ ಚೀಟಿ ತೋರಿಸಿ, ನಾವು ಹೋಗುವುದಿಲ್ಲ ಅಂದರು. ಮತ್ತೆ ಬಂದು ಹೆದರಿಸಿದರೂ ಕದಲಲಿಲ್ಲ. ಆ ಗುಡಿಸಲಿನವರೆಲ್ಲ ಬದುಕಿದರು. 2016ರ ಫೆಬ್ರವರಿಯಲ್ಲಿ ಮಲಕಾಲ್ ಶಿಬಿರದಲ್ಲಿ ಇದರ ಉಲ್ಟಾ ಆಯಿತು. ಸರ್ಕಾರಿ ಸೇನೆಯ ಸಮವಸ್ತ್ರ ತೊಟ್ಟವರು ಬೇಲಿ ಮುರಿದು ಒಳಬಂದರು, ಶಿಬಿರಕ್ಕೆ ಬೆಂಕಿ ಇಟ್ಟರು, ಕನಿಷ್ಠ 30 ಜನ ಸತ್ತರು. ಶಾಂತಿಪಾಲಕರಲ್ಲಿ ಗುಂಡು ಹಾರಿಸಲು ಲಿಖಿತ ಅನುಮತಿ ಕೇಳುತ್ತಾ ಕೂತವರಿದ್ದರು ಎಂದು ಆಮೇಲಿನ ವಿಚಾರಣೆ ಹೇಳಿತು. ಬೇಲಿ ಮುರಿದಾಗ ಕಾಗದಕ್ಕೆ ಕಾಯುವುದೇ? ನನಗೆ ಸಿಟ್ಟು ಬಂತು, ಈಗಲೂ ಬರುತ್ತದೆ.

ಕಾರವಾರದ ಟ್ಯಾಗೋರ್ ಬೀಚಿಗೆ ಬಂದವರು ಚಪಲ್ ಯುದ್ಧನೌಕೆ ನೋಡುತ್ತಾರೆ, ಅದರ ಹತ್ತಿರ ಮೇಜರ್ ರಾಮ ರಾಘೋಬ ರಾಣೆ ಅವರ ಪ್ರತಿಮೆಯೂ ಇದೆ. ನಮ್ಮ ಚೆಂಡಿಯಾ ಊರಿನವರು, ಪರಮವೀರ ಚಕ್ರ ಪಡೆದವರು. ಅವರದ್ದು ಶಾಂತಿಪಾಲನೆಯಲ್ಲ, 1948ರ ಕಾಶ್ಮೀರ ಯುದ್ಧ. ಆದರೆ ಅವರು ಮಾಡಿದ ಕೆಲಸ ಯಾವುದು ನೋಡಿ. ನೌಶೇರಾದಿಂದ ರಜೌರಿಗೆ ಹೋಗುವ ದಾರಿಯಲ್ಲಿ ನೆಲಬಾಂಬು ತೆಗೆದರು. ಅಡ್ಡ ಬಿದ್ದ ಮರಗಳನ್ನು ಸರಿಸಿದರು. ಗುಂಡಿನ ಮಳೆಯಲ್ಲಿ ದಿನಗಟ್ಟಲೆ ರಸ್ತೆ ಮಾಡಿಕೊಟ್ಟರು. ಟ್ಯಾಂಕುಗಳು ಆ ರಸ್ತೆಯಲ್ಲಿ ಹೋಗಿ ರಜೌರಿ ಮುಟ್ಟಿದವು, ಅಲ್ಲಿಯ ಎಷ್ಟೋ ಜನ ಉಳಿದರು. ದಕ್ಷಿಣ ಸುಡಾನ್‌ನಲ್ಲಿ ಇವತ್ತಿಗೂ ಎಂಜಿನಿಯರ್ ತುಕಡಿಗಳು ಪ್ರತಿ ಒಣಗಾಲದಲ್ಲಿ ರಸ್ತೆ ರಿಪೇರಿ ಮಾಡುತ್ತವೆ. ಮಳೆಗಾಲದಲ್ಲಿ ಆ ಕರಿಮಣ್ಣಿನಲ್ಲಿ ಗಾಡಿ ಓಡುವುದಿಲ್ಲ, ಆಗ ದೂರದ ಹಳ್ಳಿಯ ಕರೆ ಬಂದರೂ ಗಸ್ತು ಮುಟ್ಟುವುದಿಲ್ಲ.

ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ 1964ರಲ್ಲಿ ಸೈಪ್ರಸ್ ಶಾಂತಿಪಾಲನಾ ಪಡೆಯ ಮುಖ್ಯಸ್ಥರಾದರು. 1965ರ ಡಿಸೆಂಬರ್‌ನಲ್ಲಿ ಅಲ್ಲೇ ಹೃದಯಾಘಾತದಿಂದ ತೀರಿಕೊಂಡರು. ಆಗಿನ ಆದೇಶದಲ್ಲಿ ನಾಗರಿಕರ ರಕ್ಷಣೆ ಎಂಬ ಮಾತಿರಲಿಲ್ಲ. ಜನಜೀವನ ಮೊದಲಿನಂತೆ ಆಗಲು ನೆರವಾಗಿ ಎಂದಿತ್ತು. ಅದಕ್ಕೆ ಸೈನಿಕರು ಏನು ಮಾಡಬೇಕಾಯಿತು? ಗ್ರೀಕ್, ತುರ್ಕಿ ಎರಡೂ ಕಡೆಯ ಬಂದೂಕುಗಳ ನಡುವೆ ಇದ್ದ ಹೊಲದಲ್ಲಿ ಕೊಯ್ಲಿಗೆ ಬಂದ ರೈತರ ಪಕ್ಕ ನಿಂತರು. ರಸ್ತೆಯಲ್ಲಿ ಹೋಗುವ ಗಾಡಿಗಳಿಗೆ ಬೆಂಗಾವಲಾದರು. ಆದೇಶದಲ್ಲಿ ಆ ಮಾತು ಬರುವ 35 ವರ್ಷ ಮೊದಲೇ ಆ ಕೆಲಸ ನಡೆದಿತ್ತು.

ಇದೆಲ್ಲ ಓದಿ ಶಾಂತಿಪಾಲನೆ ಯಾವಾಗಲೂ ಗೆಲ್ಲುತ್ತದೆ ಎಂದುಕೊಳ್ಳಬೇಡಿ. ವಿಶ್ವಸಂಸ್ಥೆಯದೇ ಒಳ ತನಿಖಾ ವಿಭಾಗ 2014ರಲ್ಲಿ ವರದಿ ಕೊಟ್ಟಿತು. 2010ರಿಂದ 2013ರವರೆಗೆ ನಾಗರಿಕರ ಮೇಲೆ ನಡೆದ 507 ದಾಳಿಗಳಲ್ಲಿ ಪಡೆಗಳು ತಕ್ಷಣ ಸ್ಪಂದಿಸಿದ್ದು 101 ಸಲ ಮಾತ್ರ. ಐದರಲ್ಲಿ ಒಂದು. ಬಲ ಪ್ರಯೋಗ ಮಾಡಿದ್ದಂತೂ ಇಲ್ಲವೇ ಇಲ್ಲ ಅನ್ನಬಹುದು. ಇನ್ನೊಂದು ಕಡೆ ಲೀಸಾ ಹಲ್ಟ್‌ಮನ್ ಮತ್ತು ಅವರ ಜೊತೆಗಾರರು 2013ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಆಫ್ರಿಕಾದ ಅಂತರ್ಯುದ್ಧಗಳನ್ನು ನೋಡಿದರೆ, ಶಾಂತಿಪಾಲಕ ಸೈನಿಕರು, ಪೊಲೀಸರು ಜಾಸ್ತಿ ಇದ್ದಷ್ಟೂ ನಾಗರಿಕರ ಹತ್ಯೆ ಕಡಿಮೆ ಎಂದು ಅದು ತೋರಿಸಿತು. ನನಗೆ ಇವೆರಡೂ ಒಂದಕ್ಕೊಂದು ವಿರುದ್ಧ ಅನ್ನಿಸುವುದಿಲ್ಲ. ದಾಳಿ ಶುರುವಾದ ಮೇಲೆ ಓಡಿಹೋಗಿ ತಡೆಯುವುದರಲ್ಲಿ ಅವರು ಸೋಲುತ್ತಾರೆ. ಮೊದಲೇ ಅಲ್ಲಿ ಇದ್ದರೆ, ದಾಳಿ ಮಾಡುವವನು ಎರಡು ಸಲ ಯೋಚಿಸುತ್ತಾನೆ. ಅಣ್ಣ ಹೇಳಿದ ಗಾಡಿ ಲೈಟಿನ ಮಾತೂ ಅದೇ ಅಲ್ವಾ? ಕಾಪಾಡಲು ಬಂದವರೇ ಹೆಂಗಸರು, ಮಕ್ಕಳನ್ನು ದುರುಪಯೋಗ ಮಾಡಿಕೊಂಡ ಪ್ರಕರಣಗಳೂ ಹಲವು ದೇಶಗಳಲ್ಲಿ ನಡೆದಿವೆ. ಅಂಥವರಿಗೆ ಅವರ ದೇಶದಲ್ಲೇ ಶಿಕ್ಷೆ ಆಗಬೇಕು, ಆದದ್ದು ಜನರಿಗೆ ತಿಳಿಯಬೇಕು. ಇದರಲ್ಲಿ ಯಾವ ರಿಯಾಯಿತಿಯೂ ಬೇಡ.

ಈಗ ಚಿಂತೆ ಇರುವುದು ಪಡೆಗಳು ಹೊರಡುವುದರ ಬಗ್ಗೆ. ಮಾಲಿ ದೇಶದಲ್ಲಿದ್ದ ಶಾಂತಿಪಾಲನಾ ಪಡೆ 2023ರ ಕೊನೆಗೆ ಮುಚ್ಚಿತು. ಕಾಂಗೋ ಸರ್ಕಾರದ ಒತ್ತಾಯದ ಮೇಲೆ ದಕ್ಷಿಣ ಕಿವುವಿನ ಬೀಡುಗಳು 2024ರ ಜೂನ್ ಹೊತ್ತಿಗೆ ಖಾಲಿಯಾದವು. ಮೊದಲು ಖಾಲಿಯಾದ ಕಮಾನ್ಯೋಲಾ ಬೀಡನ್ನು ಅಲ್ಲಿಯ ಪೊಲೀಸರಿಗೆ ಒಪ್ಪಿಸಿದರು. ಹೋಗಿ ಎಂದು ಜನರೇ ಕೂಗಿದ ದಿನಗಳೂ ಇದ್ದವು. 2022ರ ಜುಲೈನಲ್ಲಿ ಬುಟೆಂಬೊ ಪಟ್ಟಣದ ಗಲಭೆಯಲ್ಲಿ ನಮ್ಮ ಬಿಎಸ್‌ಎಫ್‌ನ ಇಬ್ಬರು ಸತ್ತರು. ಆ ಜನರ ಸಿಟ್ಟಿಗೂ ಕಾರಣವಿತ್ತು, ಇಷ್ಟು ವರ್ಷ ಇದ್ದೂ ಕೊಲೆ ನಿಂತಿಲ್ಲ ಎಂದು ಅವರು ಕೇಳುತ್ತಿದ್ದರು. 2025ರ ಅಕ್ಟೋಬರ್‌ನಲ್ಲಿ ಹಣವಿಲ್ಲ ಎಂದು ಒಂಬತ್ತು ಕಡೆಯ ಪಡೆಗಳಲ್ಲಿ ಸುಮಾರು ಕಾಲು ಭಾಗ ಕಡಿತ ಮಾಡುವುದಾಗಿ ವಿಶ್ವಸಂಸ್ಥೆ ಹೇಳಿತು.

ಸೈನಿಕರು ವಿಮಾನ ಹತ್ತಿ ಬರುತ್ತಾರೆ, ಬರಲಿ. ಫೋನ್ ಮಾಡುತ್ತಿದ್ದ ಆ ಹೆಂಗಸು, ಆ ದುಭಾಷಿ ಹುಡುಗ, ಆ ಸಂಪರ್ಕ ಸಹಾಯಕ ಅಲ್ಲೇ ಇರುತ್ತಾರೆ. ಅವರ ನಂಬರುಗಳ ಪಟ್ಟಿ ಯಾರ ಕೈಗೆ ಹೋಗುತ್ತದೆ? ಬೀಡಿನಲ್ಲಿ ಉಳಿದ ಒಂದು ರಿಜಿಸ್ಟರ್ ತಪ್ಪು ಕೈಗೆ ಸಿಕ್ಕರೆ ಎಷ್ಟು ಮನೆ ಹಾಳಾಗಬಹುದು? ಪಡೆ ಹಿಂದೆ ಸರಿಯುವ ಯೋಜನೆಯಲ್ಲಿ ಜನರೇಟರ್, ಗಾಡಿ, ಕಂಟೇನರ್‌ಗಳ ಲೆಕ್ಕ ಪಕ್ಕಾ ಇರುತ್ತದೆ. ಈ ಜನರ ಲೆಕ್ಕವೂ ಅಷ್ಟೇ ಪಕ್ಕಾ ಇರಬೇಕು. ಅಪಾಯದಲ್ಲಿರುವವರನ್ನು ಬೇರೆ ಕಡೆಗೆ ಸಾಗಿಸಲು ಹಣ ತೆಗೆದಿಡಬೇಕು. ಪಟ್ಟಿಗಳನ್ನು ಮೊದಲೇ ನಾಶ ಮಾಡಬೇಕು. ಎಚ್ಚರಿಕೆ ಜಾಲವನ್ನು ಉಳಿಸಿಕೊಳ್ಳಲು ಊರಿನವರೇ ಬಯಸಿದರೆ ರೇಡಿಯೋ, ಬ್ಯಾಟರಿ, ಸ್ವಲ್ಪ ಸಂಬಳ ಮುಂದುವರಿಯಬೇಕು. ಅದೇ 2025ರ ಅಕ್ಟೋಬರ್‌ನಲ್ಲಿ ಸೈನಿಕರನ್ನು ಕಳಿಸುವ ದೇಶಗಳ ಸೇನಾ ಮುಖ್ಯಸ್ಥರು ದೆಹಲಿಯಲ್ಲಿ ಸೇರಿದ್ದರು, ಕರೆದದ್ದು ಭಾರತ. ಸುಮಾರು 180 ಸೈನಿಕರನ್ನು ಈ ಕೆಲಸದಲ್ಲಿ ಕಳೆದುಕೊಂಡ ದೇಶ ನಮ್ಮದು. ಇಂಥ ಸಭೆ ಮತ್ತೆ ಸೇರಿದಾಗ, ಹೊರಡುವ ಮೊದಲು ಆ ಊರಿನವರಿಗೆ ಏನು ಮಾಡಿದಿರಿ ಎಂಬ ಪ್ರಶ್ನೆಯನ್ನು ಭಾರತವೇ ಮೊದಲು ಎತ್ತಲಿ.